ಅಮ್ಮಿಯ ಹತ್ತು ಬೆರಳು

ನಾವು ಮೆಕ್ಕಾ ಯಾತ್ರೆಗೆ ಹೊರಟ ದಿನ ನನ್ನ ಚಿಂತೆಯೆಲ್ಲ ಅಮ್ಮಿಯ ಬೆರಳುಗಳದ್ದು. ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ನನ್ನ ಕೈಚೀಲದಲ್ಲಿ ಭದ್ರವಾಗಿದ್ದವು. ಬೆರಳುಗಳನ್ನು ಮಾತ್ರ ಚೀಲದಲ್ಲಿಟ್ಟು ಜಿಪ್ ಎಳೆಯುವಂತಿರಲಿಲ್ಲ.

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಮದುವೆಯಾಗಿ ಬಂದಾಗಿನಿಂದ ಅಮ್ಮಿ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಗೂಡುಗಳ ಎಳೆ ಹುಡುಕಿದವಳು. ಆ ನೀರು ಅವಳ ಬೆರಳ ಗೆರೆಗಳನ್ನು ತಿಂದುಹಾಕಿತ್ತು. ರೇಷನ್ ಅಂಗಡಿಯಲ್ಲಿ ಅವಳ ಹೆಬ್ಬೆಟ್ಟು ಬೀಳುವಷ್ಟರಲ್ಲಿ ಹಿಂದಿದ್ದವರು ಗೊಣಗಲು ಶುರು ಮಾಡುತ್ತಿದ್ದರು. ವೀಸಾಕ್ಕಾಗಿ ಮೊಬೈಲಿಗೆ ಬೆರಳು ತೋರಿಸುವುದರಲ್ಲೇ ಒಂದು ಸಂಜೆ ಕಳೆಯಿತು. "ಅಲ್ಲಿ ಇಳಿದ ಮೇಲೂ ಬೆರಳು ಕೇಳ್ತಾರೆ, ಜೋಪಾನ" ಎಂದ ಚಿಕ್ಕಬಳ್ಳಾಪುರದ ಏಜೆಂಟ್. ಬೀಳದಿದ್ದರೆ ಏನು ಗತಿ ಎಂದು ಕೇಳಿದೆ. ಆತ ಮೇಲೆ ನೋಡಿದ.

ಪ್ರತಿವರ್ಷ "ಈ ಸಲ ಹೋಗೋಣ" ಎನ್ನುತ್ತಲೇ ಅಬ್ಬಾ ತೀರಿಕೊಂಡಿದ್ದರು. ಬೆರಳಿನ ನೆಪದಲ್ಲಿ ಅಮ್ಮಿಯೂ ಅರ್ಧದಾರಿಯಿಂದ ವಾಪಸಾಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಮೂರು ತಿಂಗಳಿಂದ ಅವಳನ್ನು ತೊಟ್ಟಿಯ ಹತ್ತಿರ ಬಿಟ್ಟಿರಲಿಲ್ಲ. ಪಾತ್ರೆ ತಿಕ್ಕುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ದಿನಾ ಕೊಬ್ಬರಿ ಎಣ್ಣೆ. ಗೆರೆಗಳು ಮಸುಕಾಗಿ ಮೂಡಿದ್ದವು.

ಹೊರಡುವ ಬೆಳಿಗ್ಗೆ ಸೂಟ್‌ಕೇಸಿನಿಂದ ನಾನು ಉಪ್ಪಿನಕಾಯಿ ಬಾಟಲಿ ತೆಗೆದೆ, ಅವಳು ಹಾಕಿದಳು, ನಾನು ಮತ್ತೆ ತೆಗೆದೆ. ಬಟ್ಟೆಗಳ ನಡುವೆ ಎರಡು ಸೇರು ರಾಗಿ ಹಿಟ್ಟೂ ಸಿಕ್ಕಿತು. ಕೊನೆಗೆ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದು ತಲೆಯೆತ್ತಿದರೆ ಅಮ್ಮಿ ಇಲ್ಲ.

ಹಿತ್ತಿಲ ಶೆಡ್ಡಿನಲ್ಲಿದ್ದಳು. ಎರಡೂ ಕೈ ತೊಟ್ಟಿಯೊಳಗೆ.

ಯಾತ್ರೆಗೆ ಹೊರಡುವವರು ಬಲ್ಲವರಲ್ಲೆಲ್ಲ ಕ್ಷಮೆ ಕೇಳಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಅಮ್ಮಿ ತನ್ನ ಪಕ್ಕದಲ್ಲಿ ವರ್ಷಗಟ್ಟಲೆ ನೂಲು ತೆಗೆದ ಕೆಲಸದ ಹೆಂಗಸಿನ ಬಳಿಯೂ ಕೇಳಲು ಹೋಗಿದ್ದಾಳೆ. ಆಕೆಗೆ ಸಂಕೋಚವಾಗಿ, "ನನ್ನತ್ರ ಯಾಕಮ್ಮಾ ಮಾಫಿ ಕೇಳ್ತೀರಾ? ನಿಮ್ ಕೈಯಾರ ಒಂದ್ ಎಳೆ ಹಿಡಿದುಕೊಟ್ಟು ಹೋಗಿ, ಅಷ್ಟೇ ಸಾಕು" ಎಂದಿದ್ದಾಳೆ. ಅಮ್ಮಿ ಹಿಡಿದುಕೊಟ್ಟಿದ್ದಾಳೆ. ಒಂದಲ್ಲ, ಇಡೀ ತೊಟ್ಟಿಯ ಎಳೆ.

ನನಗೆ ಕೋಪ ಮೂಗಿನ ತುದಿಯಲ್ಲೇ. ಇಬ್ಬರಿಗೂ ಬಾಯಿಗೆ ಬಂದಂತೆ ಬೈದೆ. ಆಕೆ "ಅಯ್ಯೋ, ನನ್ ಬಾಯಿಗೆ ಬೆಂಕಿ ಬೀಳ, ನಂಗೇನ್ ಗೊತ್ತಮ್ಮಾ" ಎಂದು ಅಳತೊಡಗಿದಳು. ಅಮ್ಮಿಯ ಬೆರಳುಗಳು ನೆನೆಹಾಕಿದ ಅವರೆಕಾಳಿನ ಸಿಪ್ಪೆಯಂತೆ ಸುಕ್ಕುಗಟ್ಟಿದ್ದವು.

ಕಾರಿನಲ್ಲಿ ಅಮ್ಮಿ ಬೆರಳಿಗೆ ಎಣ್ಣೆ ತಿಕ್ಕುತ್ತಾ, "ಎಲ್ಲರ ಹತ್ರಾನೂ ಮಾಫಿ ಕೇಳ್ದೆ. ನಿಂದೊಬ್ಬಳದು ಬಾಕಿ" ಎಂದಳು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ವಿಮಾನದಲ್ಲೂ ಬಿಗುಮಾನ ಬಿಡಲಿಲ್ಲ.

ಜಿದ್ದಾದಲ್ಲಿ ಇಳಿದು ಸಾಲಿನಲ್ಲಿ ನಿಂತಾಗ ಸಂಜೆಯ ಬಿಸಿಲು. ಅಧಿಕಾರಿ ಗಾಜಿನ ಪಟ್ಟಿ ತೋರಿಸಿದ. ಅಮ್ಮಿ ಬೆರಳಿಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು. ಮತ್ತೆ ಕೆಂಪು. ಆತ ಹಿಂದಿನ ಕೋಣೆಯ ಕಡೆ ತಿರುಗಿ ಯಾರನ್ನೋ ಕರೆದ. ನಾನು ಕೈಚೀಲದ ಜಿಪ್ ಎಳೆದು ಇದ್ದಬದ್ದ ಕಾಗದವನ್ನೆಲ್ಲ ಆತನ ಮುಂದೆ ಹರಡಿದೆ. ಅಮ್ಮಿಗೆ ಮಾತ್ರ ಗಾಬರಿಯೇ ಇಲ್ಲ. ರೇಷನ್ ಅಂಗಡಿಯವನು ಹೇಳಿಕೊಟ್ಟಿದ್ದಂತೆ ಬೆರಳುಗಳನ್ನು ಹಣೆಯ ಜಿಡ್ಡಿಗೆ ಚೆನ್ನಾಗಿ ಉಜ್ಜಿ, ಅವು ಗಾಜಿಗೆ ಅಂಟುವ ಹಾಗೆ ಒತ್ತಿದಳು.

ಹಸಿರು.

ಇನ್ನೊಂದು ಕೈ. ಅದೂ ಹಸಿರು. ಠಪ್ಪೆಂದು ಮುದ್ರೆ ಬಿತ್ತು. ಮೂರು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟೆ.

"ಮೊದ್ಲು ಅವಳಿಗೆ ಫೋನ್ ಮಾಡು" ಎಂದಳು ಅಮ್ಮಿ. ಯಾರಿಗೆಂದು ಕೇಳಬೇಕಾಗಿರಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಅಮ್ಮಿಯ ಕೈಗೆ ಕೊಟ್ಟೆ. ಮೊದಲ ರಿಂಗಿಗೇ ಆ ಕೆಲಸದ ಹೆಂಗಸು ಎತ್ತಿದಳು. ಹಿಂದೆ ಶೆಡ್ಡಿನ ಸದ್ದು.

"ಬಿತ್ತಾ ಅಮ್ಮಾ?"

"ಬಿತ್ತು ಕಣಮ್ಮಾ. ಹತ್ತೂ ಬಿದ್ವು."

ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಸದ್ದು ಬಂತು. ನಾನು ಫೋನ್ ಕಸಿದುಕೊಂಡು, "ಬೆಳಿಗ್ಗೆ ಬೈದುಬಿಟ್ಟೆ, ತಪ್ಪಾಯ್ತಮ್ಮಾ, ಮಾಫ್ ಮಾಡು" ಎಂದೆ.

"ಅದೆಲ್ಲ ಬಿಡಿ. ಬರೋವಾಗ ಖರ್ಜೂರ ತನ್ನಿ" ಎಂದಳು ಆಕೆ.

ಫೋನ್ ಇಟ್ಟೆ. "ಮತ್ತೆ ನನ್ನ ಬಾಕಿ?" ಎಂದಳು ಅಮ್ಮಿ. ನಾನು ಆ ಹತ್ತೂ ಬೆರಳನ್ನು ಹಿಡಿದು ಕಣ್ಣಿಗೊತ್ತಿಕೊಂಡೆ.