ಕ್ರಾಸಿಗೆ ನಿಲ್ಲದ ಬಸ್ಸು

ನಮ್ಮೂರ ಸಮುದಾಯ ಭವನದ ಗೋಡೆಯ ಮೇಲೆ ‘ಆಸೆಯೇ ದುಃಖಕ್ಕೆ ಮೂಲ’ ಎಂದು ನೀಲಿ ಅಕ್ಷರಗಳಲ್ಲಿ ಬರೆಸಿದ್ದಾರೆ. ಕೆಳಗೆ ಬುದ್ಧನ ಹೆಸರಿದೆ. ಪ್ರತಿ ಭಾನುವಾರ ಆ ಗೋಡೆಗೆ ಬೆನ್ನು ಹಾಕಿ ಕುಳಿತೇ ನಾನು ಮಕ್ಕಳಿಗೆ ಬುದ್ಧನ ವಿಚಾರ ಹೇಳುತ್ತೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬರೆದದ್ದನ್ನೆಲ್ಲ ನಂಬುವ ಶಿಸ್ತು ನನಗೆ ಬರಲೇ ಇಲ್ಲ. ನಾನಾಗಿ ಓದಿಕೊಂಡಷ್ಟರಲ್ಲಿ, ಬುದ್ಧ ದೂರಿದ್ದು ಕುಡಿದಷ್ಟೂ ಹೆಚ್ಚುವ ದಾಹವನ್ನು, ಎಲ್ಲ ಆಸೆಗಳನ್ನಲ್ಲ. ನೋವಿಗೊಂದು ಕಾರಣ, ಆ ಕಾರಣಕ್ಕೆ ಇನ್ನೊಂದು. ಆದ್ದರಿಂದ ನಮ್ಮ ಪಾಠ ಇಷ್ಟೇ: ಮಕ್ಕಳು ಮನೆಯ ಒಂದು ಸಂಕಟವನ್ನು ತರಬೇಕು, ‘ಅದರ ಹಿಂದ ಏನೈತಿ?’ ಎಂದು ಉಳಿದವರು ಕೇಳುತ್ತ ಹೋಗಬೇಕು.

ಎಂಟನೆಯದು ಮುಗಿಸಿದ ಹುಡುಗಿಯೊಬ್ಬಳ ಸಂಕಟವನ್ನು ಒಂದು ಭಾನುವಾರ ಅವಳ ಅಪ್ಪನೇ ಹೊತ್ತು ತಂದ. ಮುಂದೆ ಓದಲು ಅಣ್ಣಿಗೇರಿಗೇ ಹೋಗಬೇಕು.

“ಅಜ್ಜಾರ, ಸಾಲಿಗೆ ಹೋಗಬ್ಯಾಡ ಅಂದಿದ್ದಕ್ಕ ಈಕಿ ನಿನ್ನಿಯಿಂದ ರೊಟ್ಟಿ ಮುಟ್ಟಿಲ್ರಿ. ಆಸಿ ಬಿಟ್ರ ದುಃಖ ಇಲ್ಲಂತ ನಿಮ್ಮ ಗೋಡಿನ ಹೇಳತೈತಲ್ರಿ? ಈಕಿಗೆ ಒಂದೀಟು ತಿಳಿಸಿ ಹೇಳ್ರಿ.”

ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಹೌದೆಂದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು.

“ಗೋಡಿ ಮಾತು ಬಿಡೋ ತಮ್ಮಾ. ಸಂಕಟ ಆಕಿಗಷ್ಟ ಐತೋ, ನಿನಗೂ ಐತೋ?”

“ನನಗೂ ಐತ್ರಿ.”

“ಅದರ ಹಿಂದ ಏನೈತಿ?” ಎಂದಳು ಮುಂದಿನ ಸಾಲಿನ ಪುಟ್ಟಿ, ರೂಢಿಯಂತೆ.

“ಇದೇನ್ ಪೊಲೀಸ್ ಠಾಣೆ ಏನ್ರಿ?” ಎಂದು ಅವನು ನಕ್ಕ. ಆಮೇಲೆ ಹೇಳಿದ: “ಅಂಜಿಕಿ ಐತಿ.”

“ಅದರ ಹಿಂದ?” ಎಲ್ಲರೂ ಒಟ್ಟಿಗೆ ಕೇಳಿದರು.

“ಸಂಜಿ ಬಸ್ ನಮ್ಮ ಕ್ರಾಸಿಗೆ ನಿಲ್ಲಂಗಿಲ್ಲ. ಮುಂದಿನೂರಾಗ ಇಳದು ಕತ್ತಲಾಗ ಒಬ್ಬಾಕಿನ ಬರಬೇಕು. ನಾ ಆ ಹೊತ್ತಿಗೆ ಹತ್ತಿ ಗಿರಣಿ ಪಾಳಿಗೆ ಹೋಗಿರ್ತೀನಿ.”

ಗೆದ್ದೆನೆಂದುಕೊಂಡೆ. “ಹಂಗಾರ ಮೂಲ ಆಕಿ ಆಸಿ ಅಲ್ಲ, ಬಸ್ ನಿಲ್ಲದ್ದು.”

“ಖರೆ ಐತ್ರಿ,” ಎಂದ ಅವನು, ನಿಧಾನವಾಗಿ. “ಹಂಗಾರ ನೀವ ನಿಲ್ಲಸ್ರಿ. ನಿಲ್ಲದ ದಿನಾ ಸಾಲಿ ಬಂದ್.”

ಜೂನ್‌ನಿಂದ ಪ್ರತಿ ಸಂಜೆಯೂ ನಾನು ಕ್ರಾಸಿನಲ್ಲಿ ಸಿಕ್ಕಿಬಿದ್ದಿದ್ದೇನೆ. ಬೀಗರ ಮನೆಗೆ ಹೋಗುವಂತಿಲ್ಲ. ಜ್ವರ ಬಂದರೂ ಮಲಗುವಂತಿಲ್ಲ. ಚಾಲಕ ಬದಲಾದಾಗಲೆಲ್ಲ ಹೊಸದಾಗಿ ಕೈಮುಗಿಯಬೇಕು. ಮೊನ್ನೆ ಮಳೆಯಲ್ಲಿ ಬಸ್ಸು ಬಹಳ ತಡವಾಯಿತು. ಕೊಡೆ ಹಿಡಿದು ಜೊತೆಗೆ ಬಂದಿದ್ದ ಪುಟ್ಟಿ ಕೇಳಿದಳು: “ಅಜ್ಜಾ, ನಿಮಗ ಈಗ ದುಃಖ ಐತೇನ್ರಿ?”

“ಐತಿ.”

“ಅದರ ಹಿಂದ?”

“ಬಸ್ ನಿಲ್ಲಲಿ ಅನ್ನೋ ಆಸಿ.”

“ಹಂಗಾರ ಗೋಡಿ ಹೇಳಿದ್ದು ಖರೇನ ಬಿಡ್ರಿ!”

ಅಷ್ಟರಲ್ಲಿ ದೀಪಗಳು ಕಂಡವು. ಬಸ್ಸಿನ ವೇಗ ತಗ್ಗಲಿಲ್ಲ. ನಾನು ಟವೆಲ್ ಬೀಸುತ್ತ ರಸ್ತೆಯ ನಡುವೆ ಹೋಗಿ ನಿಂತೆ. ಬಸ್ಸು ಕಿರುಚಿ ನಿಂತಿತು.

“ಸಾಯಾಕ ನಮ್ಮ ಬಸ್ಸ ಬೇಕಾತೇನ್ರಿ ಮುತ್ಯಾ?” ಎಂದು ಕಂಡಕ್ಟರ್ ಬಾಗಿಲಿನಿಂದ ಕೂಗಿದ. ಅವನ ಹಿಂದಿನಿಂದ ಹುಡುಗಿ ಇಳಿದಳು.

ಬದಿಗೆ ಸರಿದರೆ ಎರೆಮಣ್ಣು ನನ್ನ ಚಪ್ಪಲಿ ಹಿಡಿದುಕೊಂಡಿತು. ಅವಳೇ ಬಗ್ಗಿ ಕಿತ್ತುಕೊಟ್ಟಳು.

“ನಾಳೆನೂ ಬರ್ತೀರಿಲ್ರಿ, ಅಜ್ಜಾರ?” ಎಂದಳು.