ಪೀಣ್ಯದ ಪರದೆಗಳಲ್ಲಿ ಅಕ್ಷರ ತಿದ್ದುವ ಭಾಗ್ಯಶ್ರೀ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪೀಣ್ಯದ ಪಂಪ್ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಭಾಗ್ಯಶ್ರೀ ಒಂದೊಂದೇ ಯಂತ್ರದ ಮುಂದೆ ನಿಂತು, ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಅಲ್ಲಿರುವ ಕನ್ನಡವನ್ನು ಗಟ್ಟಿಯಾಗಿ ಓದುತ್ತಿದ್ದಾರೆ. "ಏನ್ ತಾಯಿ, ಕಂಪ್ಯೂಟರ್ ತಲೇಲಿ ಹೇನು ನೋಡ್ತಿದ್ದೀಯಾ?" ಎಂದು ಕಾವಲುಗಾರ ಲಕ್ಷ್ಮಯ್ಯ ದಿನವೂ ಕೇಳುತ್ತಾರೆ. "ಹೂಂ ಅಣ್ಣ, ಇವತ್ತು ಒಂದೂ ಸಿಕ್ಕಿಲ್ಲ ನೋಡ್ರಿ" ಎಂದು ಆಕೆಯೂ ದಿನವೂ ಹೇಳುತ್ತಾರೆ.

ಭಾಗ್ಯಶ್ರೀ ಲಿಂಗಸುಗೂರಿನ ಕಡೆಯವರು. ಅಪ್ಪ, ಅವ್ವ ಗಾರೆ ಕೆಲಸಕ್ಕೆ ಇಲ್ಲಿಗೆ ಬಂದವರು. ಕಟ್ಟಡ ಮುಗಿದಂತೆಲ್ಲ ಶೆಡ್ಡು ಬದಲು, ಶೆಡ್ಡಿನ ಜೊತೆಗೆ ಶಾಲೆಯೂ ಬದಲು. ಅಂತೂ ಇಂತೂ ಡಿಪ್ಲೊಮಾ ಮುಗಿಸಿದ ಗಟ್ಟಿಗಿತ್ತಿ, ಈಗ ಈ ಕಾರ್ಖಾನೆಯ ನಲವತ್ತು ಕಂಪ್ಯೂಟರುಗಳನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುತ್ತಾರೆ. ಯಾವುದೋ ಐಟಿ ಕಚೇರಿ ಬೇಡವೆಂದ ಹಳೇ ಪೆಟ್ಟಿಗೆಗಳವು. ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಮತ್ತೆ ಓಡುವಂತೆ ಮಾಡಿದವರು ಇವರೇ. ಯಾವ ಭಾಗವನ್ನು ಹೇಗೆ ಕೊರೆಯಬೇಕು, ಹೇಗೆ ಅಳೆಯಬೇಕು ಎಂಬುದೆಲ್ಲ ಈಗ ಅವುಗಳಲ್ಲೇ ಕನ್ನಡದಲ್ಲಿ ಮೂಡುತ್ತದೆ. ಯಂತ್ರಗಳ ನಡುವೆ ಜಾಗ ಇಕ್ಕಟ್ಟು. ಹಾಗಾಗಿ ಅಗಲವಾದ ಪರದೆಗಳನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿದರು. ಎಡವಟ್ಟಾದದ್ದು ಅಲ್ಲೇ.

ಅಳತೆ ವಿಭಾಗದಲ್ಲಿ ಬಸಕ್ಕ ಇದ್ದಾರೆ. ಕಸ ಗುಡಿಸಲು ಸೇರಿ, ನೋಡಿ ನೋಡಿಯೇ ಅಳತೆ ಕಲಿತವರು. ಈ ಪರದೆ ಬಂದ ಮೇಲೆ ಅವರ ಕಣ್ಣಲ್ಲಿ ನೀರು ಸುರಿಯತೊಡಗಿತು. ಎರಡು ಸಲ ಕನ್ನಡಕ ಬದಲಾಯಿಸಿದರೂ ಪಕ್ಕದವರನ್ನೇ "ಏನಂತ ಬರದೈತಿ?" ಎಂದು ಕೇಳಬೇಕಾಯಿತು. ಮೇಲ್ವಿಚಾರಕ ದೇವರಾಜ್ ಒಳ್ಳೆಯ ಮನುಷ್ಯರೇ. ಆದರೂ ಸೋಮವಾರದಿಂದ ಆಕೆಯನ್ನು ಪ್ಯಾಕಿಂಗಿಗೆ ಹಾಕುವುದೆಂದು ತೀರ್ಮಾನಿಸಿಬಿಟ್ಟರು.

"ಪೆಟ್ಟಿಗಿ ಕಟ್ಟಾಕ ನಾ ಒಲ್ಲೆ ತಂಗಿ," ಎಂದು ಬಸಕ್ಕ ಭಾಗ್ಯಶ್ರೀ ಮುಂದೆ ಅತ್ತರು. "ಅಳತಿ ಬಿಟ್ರ ನನಗ ಏನೂ ರುಚಿಸಂಗಿಲ್ಲ."

ಭಾಗ್ಯಶ್ರೀ ಕೂಡಲೇ ಅಳತೆ ವಿಭಾಗಕ್ಕೆ ನಡೆದರು. ಬಸಕ್ಕನ ಸ್ಟೂಲಿನ ಮೇಲೆ ತಾವೇ ಕೂತು ಓದಿ ನೋಡಿದರು. ಅಕ್ಷರದ ಅಂಚಿಗೆಲ್ಲ ಬಣ್ಣ ಮೆತ್ತಿಕೊಂಡಿದೆ, ಒತ್ತಕ್ಷರಗಳು ಮುದ್ದೆಯಾಗಿವೆ.

"ಪರದೆಯ ಒಂದೊಂದು ಚುಕ್ಕಿಯೊಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ಪಟ್ಟಿ ಇರ್ತಾವ್ರಿ," ಎಂದು ವಿವರಿಸುತ್ತಾರೆ. "ಅವು ಅಕ್ಕಪಕ್ಕ ಅದಾವ ಅಂದ್ಕೊಂಡು ಕಂಪ್ಯೂಟರ್ ಅಕ್ಷರದ ಅಂಚು ನಯ ಮಾಡ್ತೈತಿ. ನಾನು ಪರದೆ ಎತ್ತಿ ನಿಲ್ಲಿಸಿದ ಮ್ಯಾಲೆ ಅವು ಒಂದರ ಮ್ಯಾಲೊಂದು ಆದ್ವು. ಕಂಪ್ಯೂಟರಿಗೆ ಅದನ್ನ ಹೇಳೋದು ಮರತಿದ್ದೆ."

ಸಾಲದ್ದಕ್ಕೆ, ಅಕ್ಷರದ ಗೆರೆಗಳನ್ನು ಚುಕ್ಕಿಗಳ ಸಾಲಿಗೆ ಎಳೆದು ಕೂರಿಸುವ ಹಿಂಟಿಂಗ್ ಪೂರ್ತಿ ಜೋರಿನಲ್ಲಿತ್ತು. ಇಂಗ್ಲಿಷಿನ ನೆಟ್ಟಗಿನ ಗೆರೆಗಳಿಗೆ ಅದು ನಡೆದೀತು, ನಮ್ಮ ದುಂಡು ಅಕ್ಷರಗಳಿಗೆ ಉಸಿರು ಕಟ್ಟುತ್ತದೆ. ಭಾಗ್ಯಶ್ರೀ ಹಿಂಟಿಂಗನ್ನು ತೀರಾ ಹಗುರಕ್ಕೆ ಇಳಿಸಿದರು, ಬಣ್ಣದ ಪಟ್ಟಿಗಳ ಆಟವನ್ನೇ ನಿಲ್ಲಿಸಿದರು. ಅಕ್ಷರಗಳು ತಿಳಿಯಾದವು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರು ತಿಂಗಳೇ ತಮ್ಮ ಗುತ್ತಿಗೆ ಮುಗಿಯುವುದಿತ್ತು ಬೇರೆ. ಆದರೆ ಬಸಕ್ಕನ ಕಣ್ಣಿನ ಮೇಲೆ ಬಂದ ಅಪವಾದ ಹೋಗಬೇಕಲ್ಲ.

"ಅಕ್ಕನ ಕಣ್ಣು ಬೇಷ್ ಅದಾವ್ರಿ ಸಾರ್, ತಪ್ಪು ನಂದು," ಎಂದು ದೇವರಾಜ್ ಮುಂದೆ ಹೇಳಿಯೇಬಿಟ್ಟರು.

ದೇವರಾಜ್ ನಂಬಲಿಲ್ಲ. ಬಸಕ್ಕನನ್ನು ಕೂರಿಸಿ ಓದಿಸಿದರು. ಬಸಕ್ಕ ಮೇಲಿಂದ ಕೆಳಗಿನವರೆಗೆ ಎಲ್ಲೂ ತಡವರಿಸದೆ ಓದಿ, ಯಾರೂ ಕೇಳದಿದ್ದರೂ ಮುಂದಿನ ಪುಟ ಶುರುಮಾಡಿದರು. ದೇವರಾಜ್ ತಮ್ಮ ಕನ್ನಡಕ ತೆಗೆದು, ಪರದೆ ನೋಡಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. "ಈ ಕನ್ನಡಕ ಹೋದ್ ತಿಂಗ್ಳು ಮಾಡಿಸ್ಕೊಂಡಿದ್ದು ಕಣಮ್ಮ. ವಯಸ್ಸಾಯ್ತು ಅನ್ಕೊಂಡು ಯಾರ್ಗೂ ಹೇಳಿರ್ಲಿಲ್ಲ." ಅಷ್ಟು ಸಾಕಾಯಿತು ನೋಡಿ. ಡ್ರಿಲ್ಲಿಂಗಿನವರೊಬ್ಬರು ಜೇಬಿನಿಂದ ಹೊಸ ಕನ್ನಡಕ ತೆಗೆದರು, ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಕದ್ದುಮುಚ್ಚಿ ಕನ್ನಡಕ ಮಾಡಿಸಿಕೊಂಡವರಿಂದಲೇ ಅರ್ಧ ಶೆಡ್ಡು ತುಂಬಿತ್ತು. ನಕ್ಕು ನಕ್ಕು ಆ ದಿನ ಕಾಫಿ ಆರಿ ತಣ್ಣಗಾಯಿತು.

ಬಸಕ್ಕ ಈಗಲೂ ಅಳತೆಯ ಜಾಗದಲ್ಲೇ ಇದ್ದಾರೆ. ಭಾಗ್ಯಶ್ರೀಯವರ ಗುತ್ತಿಗೆ ಮುಂದುವರಿಸಲು ದೇವರಾಜ್ ತಾವೇ ಕಚೇರಿಗೆ ಹೋಗಿ ಹೇಳಿಬಂದರು. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಭಾಗ್ಯಶ್ರೀ ನಾಚಿಕೊಳ್ಳುತ್ತಾರೆ.

"ದೊಡ್ಡದೇನಿಲ್ರಿ. ಯಾರಿಗರ ಓದಾಕ ಆಗ್ಲಿಲ್ಲಂದ್ರ ಮದ್ಲ ನನ್ನ ಕರೀಲಿ. ಕಣ್ಣಿನ ಡಾಕ್ಟರ್ ಹತ್ರ ಆಮ್ಯಾಲೆ ಹೋಗ್ಲಿ."