ಬ್ರಷ್ ಬಿಟ್ಟ ದರ್ಜಿ

ಹೃದಯದ ಕವಾಟ ಬದಲಾಯಿಸಿದ ಮೇಲೆ ದರ್ಜಿಯ ಬೆನ್ನಿಗೆ ಭಯ ಬಿದ್ದಿತ್ತು. ಆಸ್ಪತ್ರೆಯಿಂದ ಕಳಿಸುವಾಗ ದೊಡ್ಡ ಡಾಕ್ಟರು ಎಚ್ಚರಿಸಿದ್ದರು: ಬಾಯಿಯ ಕ್ರಿಮಿಗಳು ರಕ್ತಕ್ಕಿಳಿದು ಹೊಸ ಕವಾಟದಲ್ಲಿ ಬೀಡುಬಿಟ್ಟರೆ ಜೀವಕ್ಕೇ ಸಂಚಕಾರ. ಅದಾಗಿ ಸ್ವಲ್ಪ ದಿನಕ್ಕೆ ಹಲ್ಲುಜ್ಜಿ ಉಗುಳಿದರೆ ನೊರೆ ಕೆಂಪಗಿತ್ತು. ರಕ್ತ ಹೊರಬರುವ ದಾರಿಯಲ್ಲೇ ಕ್ರಿಮಿ ಒಳಹೋಗುವುದಿಲ್ಲವೇ? ಬ್ರಷ್ಷನ್ನು ಅಂದೇ ಎಸೆದ. ನೀರು ಮುಕ್ಕಳಿಸಿದರೆ ಮುಗಿಯಿತು. ದಾರವನ್ನು ಮಾತ್ರ ಎಂದಿನಂತೆ ಹಲ್ಲಿನಲ್ಲೇ ಕಡಿಯುತ್ತಿದ್ದ. ಕತ್ತರಿ ಪಕ್ಕದಲ್ಲೇ ಇದ್ದರೂ ಕೈಗಿಂತ ಬಾಯಿ ಮುಂದು.

ವರ್ಷ ತುಂಬುವುದರೊಳಗೆ ಒಸಡು ಬಾತು, ದವಡೆ ಹಲ್ಲೊಂದು ಅಲ್ಲಾಡತೊಡಗಿತು. ಅಗಿಯಲಾಗದು, ಮಲಗಲಾಗದು. ಗಿರಾಕಿಗಳ ಮೇಲೆ ಹರಿಹಾಯ್ದ. ಒಬ್ಬರ ಅಂಗಿಗೆ ಎರಡೂ ಕಡೆ ಎಡದ ತೋಳನ್ನೇ ಕೂರಿಸಿದ. ಕೊನೆಗೆ ಹೆಂಡತಿಯೇ ಎಳೆದುಕೊಂಡು ಹೋದಳು.

ಹಲ್ಲಿನ ಡಾಕ್ಟರಮ್ಮ ಹೆಂಡತಿಯಿಂದ ಕವಾಟದ ವಿಷಯ ಕೇಳಿಕೊಂಡು, ದೀಪ ಬಾಗಿಸಿ, ಪುಟ್ಟ ಕನ್ನಡಿ ಹಿಡಿದು ನೋಡಿದರು.

"ಇವತ್ತು ಕೀಳಲ್ಲ."

"ಯಾಕಮ್ಮಾ? ಜೀವ ತಿಂತಿದೆ ಅದು!"

"ಕವಾಟ ಹಾಕಿಸ್ಕೊಂಡೋರಿಗೆ ಮೊದಲು ಕ್ರಿಮಿ ಕೊಲ್ಲೋ ಮಾತ್ರೆ ಕೊಟ್ಟೇ ಕೀಳಬೇಕು. ನಿಮ್ಮ ಹೃದಯದ ಡಾಕ್ಟ್ರ ಹತ್ರ ಮಾತಾಡ್ತೀನಿ, ನಾಳೆ ಬನ್ನಿ. ಜ್ವರ ಗಿರ ಬಂದಿತ್ತಾ?"

"ಇಲ್ಲ."

"ಪುಣ್ಯ. ಹಲ್ಲುಜ್ಜೋದು ಯಾಕೆ ಬಿಟ್ರಿ?"

ದರ್ಜಿ ಸಿಡುಕಿದ. "ಕ್ರಿಮಿ ರಕ್ತಕ್ಕೆ ಹೋಗುತ್ತೆ ಅಂದಿದ್ದು ನಿಮ್ಮೋರೇ. ಉಜ್ಜಿದ್ರೆ ರಕ್ತ ಬರುತ್ತೆ. ಅದಕ್ಕೇ ಬಿಟ್ಟೆ."

"ಅಗಿದ್ರೂ ಹೋಗ್ತಾವೆ. ಊಟಾನೂ ಬಿಡ್ತೀರಾ?"

"ಈಗ ಬಿಟ್ಟ ಹಾಗೇ ಇದೆಯಲ್ಲ!"

ಹೆಂಡತಿ ನಡುವೆ ಬಾಯಿ ಹಾಕಿದಳು. "ನಾನು ಬಡ್ಕೊಂಡೆ ಡಾಕ್ಟ್ರೇ. ಕವಾಟ ನಿಂದಾ ನಂದಾ ಅಂತ ನನ್ನನ್ನೇ ಕೇಳಿದ್ರು."

ಡಾಕ್ಟರಮ್ಮ ನಗಲಿಲ್ಲ. "ಗಲೀಜು ಕೂತಷ್ಟೂ ಒಸಡು ಊದುತ್ತೆ. ಊದಿದ ಒಸಡಲ್ಲಿ ತುತ್ತುತುತ್ತಿಗೂ ಕ್ರಿಮಿ ಒಳಗೆ ನುಗ್ಗುತ್ತೆ. ಬಾಗಿಲು ಹಾಕೋಕೆ ಹೋಗಿ ಗೋಡೇನೇ ಕೆಡವಿದ್ದೀರಿ. ಮೆತ್ತನೆ ಬ್ರಷ್ ತಗೊಂಡು ಇವತ್ತಿಂದಲೇ ಶುರುಮಾಡಿ. ಮುಂದಿನ ಹಲ್ಲಲ್ಲಿ ಗೀರು ಬಿದ್ದಿದೆ, ದಾರ ಕಡಿಯೋದನ್ನೂ ಬಿಡಿ."

ದಾರಿಯುದ್ದಕ್ಕೂ ದರ್ಜಿ ಗೊಣಗಿದ. ಹೆದರಿಸುವುದು ಒಬ್ಬರು, ಹೆದರಿದ್ದಕ್ಕೆ ಬೈಯುವುದು ಇನ್ನೊಬ್ಬರು. ಅಷ್ಟು ದಿನ ಕಾಪಾಡಿಕೊಂಡೆ ಎಂದುಕೊಂಡಿದ್ದೆಲ್ಲ ಕೆಡಿಸಿಕೊಂಡಿದ್ದಾಯಿತೇ? ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದೇ ತಿಳಿಯಲಿಲ್ಲ.

ಮನೆಯಲ್ಲಿ ಹೊಸ ಬ್ರಷ್ ಹಿಡಿದು ಬಚ್ಚಲಲ್ಲಿ ನಿಂತ. ಮೆತ್ತಗೆ ಉಜ್ಜಿ ಉಗುಳಿದ. ಮತ್ತೆ ಕೆಂಪು! ಬ್ರಷ್ಷನ್ನು ದೂರ ಹಿಡಿದ.

"ನೋಡು, ಬಂತು!"

"ಬರಲಿ. ಒಳಗಿನ ಸಾಲು ಹಾಗೇ ಇದೆ, ಉಜ್ಜಿ" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

ದುರುಗುಟ್ಟಿ ನೋಡುತ್ತಲೇ ಬ್ರಷ್ಷನ್ನು ಮತ್ತೆ ಬಾಯಿಗಿಟ್ಟ. ಬೈಯೋಣವೆಂದರೆ ಬಾಯಿತುಂಬ ನೊರೆ. ಉಜ್ಜುತ್ತಲೇ ಹೋದ.